ಹೂ ಮುಡಿದ ಸರ್ವರ್

ನಾನು ಗುಮಾಸ್ತನಾಗಿದ್ದ ಮೊಳಕಾಲ್ಮೂರಿನ ನೇಕಾರರ ಸಂಘಕ್ಕೆ ಕಂಪ್ಯೂಟರ್ ನೋಡಲು ಚಳ್ಳಕೆರೆಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಕುರಿ ಸಾಕುವ ಮನೆಯವಳು, ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಆಡಿ ಬೆಳೆದವಳು. ಬಂದವಳೇ ಚಪ್ಪಲಿ ಬಿಟ್ಟು, ಜ್ವರದ ಮರಿಯನ್ನು ಮುಟ್ಟುವಂತೆ ನಮ್ಮ ಹಳೆಯ ಸರ್ವರಿನ ಬೆನ್ನಿಗೆ ಅಂಗೈ ಇಡುತ್ತಿದ್ದಳು. ಹೋಗುವಾಗ ಅದರ ಇಡೀ ಬ್ಯಾಕಪ್ಪನ್ನು ತನ್ನ ಡಿಸ್ಕಿಗೆ ತುಂಬಿಕೊಂಡು, "ಇದನ್ನ ಮಾತ್ರ ಆಫ್ ಮಾಡ್ಬ್ಯಾಡ್ರಿ" ಎನ್ನುತ್ತಿದ್ದಳು.

ಆಯುಧಪೂಜೆಯ ದಿನ ಇಲ್ಲಿ ಮಗ್ಗ ಆಡುವುದಿಲ್ಲ. "ವರ್ಷಕ್ಕೊಂದಿನ ಇದೂ ದಣಿವಾರಿಸ್ಕಳ್ಳಿ" ಎಂದು ಒಂದು ಸಲ ಸಂಘದ ಯಜಮಾನರು ಆ ಸರ್ವರ್ ಅನ್ನೂ ಆಫ್ ಮಾಡಿ, ಕುಂಕುಮವಿಟ್ಟು ಹೂ ಮುಡಿಸಿದರು. ಮರುದಿನ ಅದು ಏಳಲಿಲ್ಲ. ನಮ್ಮ ಸೀರೆಗಳ ಅಂಚು, ಸೆರಗಿನ ಡಿಸೈನುಗಳೆಲ್ಲ ಅದರಲ್ಲೇ ಇದ್ದವು.

ಅವಳು ಬಂದಳು, ಯಾರನ್ನೂ ಬೈಯಲಿಲ್ಲ. ತನ್ನಲ್ಲಿದ್ದ ಬ್ಯಾಕಪ್ಪಿನಿಂದ ಆ ಹಳೆಯ ಸರ್ವರನ್ನೇ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನಾಗಿ, ಅಂದರೆ ಬರೀ ಸಾಫ್ಟ್‌ವೇರಿನ ಸರ್ವರಾಗಿ, ಎಬ್ಬಿಸಿದಳು. ಪರದೆಯ ಮೇಲೆ ನಮ್ಮ ನವಿಲಿನ ಅಂಚು ಮೂಡಿತು. ಯಜಮಾನರು ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಮ್ದೇ ಏನವ್ವಾ?"

"ನಿಮ್ದೇ ಯಜಮಾನ್ರೆ. ಕುರಿ ಅವೇ, ರೊಪ್ಪ ಬ್ಯಾರೆ ಅಷ್ಟೆ."

ಅವರು ಅಲ್ಲೇ ನೆಲಕ್ಕೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಚಹಾ ತರಿಸಿದರು.

ಮುಂದಿನ ಆಯುಧಪೂಜೆಗೆ ಅವಳೂ ಬಂದಿದ್ದಳು. ಯಜಮಾನರು ಹೂ ಹಿಡಿದು, ಹೊಸ ಕಂಪ್ಯೂಟರಿನ ಮುಂದೆ ನಿಂತು ಅವಳ ಮುಖ ನೋಡಿದರು.

"ಮುಡಿಸ್ರಿ. ಆಫ್ ಮಾತ್ರ ಮಾಡ್ಬ್ಯಾಡ್ರಿ."

ಆ ದಿನ ಊರಿನ ಮಗ್ಗಗಳೆಲ್ಲ ಸುಮ್ಮನಿದ್ದವು. ಹೂ ಮುಡಿದ ಆ ಡಬ್ಬಿಯೊಂದೇ ಗುಂಯ್ ಎನ್ನುತ್ತಿತ್ತು. ಅದನ್ನು ಕೇಳುತ್ತ ನಾವೆಲ್ಲ ಹಾಯಾಗಿ ಮಂಡಕ್ಕಿ ತಿಂದೆವು.