ಏಳು ಅಂಗುಲದ ಕಾವಲು

ಬೆಳಕು ಹರಿಯುವ ಮೊದಲೇ ಅಣೆಕಟ್ಟೆಯ ಮೇಲೆ ಗೇಟ್‌ಮ್ಯಾನ್ ಚಪ್ಪಲಿ ಸದ್ದು ಕೇಳುತ್ತದೆ. ಅವರು ಮೊದಲು ನೋಡುವುದು ತುಂಬಿ ನಿಂತ ನೀರನ್ನಲ್ಲ, ಎಡತುದಿಯ ಸಣ್ಣ ಗೇಟಿನ ಸರಳಿಗೆ ಅಡ್ಡಕೊಟ್ಟ ಮರದ ತುಂಡನ್ನು. ಬಗ್ಗಿ ಮುಟ್ಟುತ್ತಾರೆ. "ಇದ್ದೀಯಲ್ಲ, ಸದ್ಯ" ಎಂದು ಅದನ್ನೇ ಮಾತಾಡಿಸುತ್ತಾರೆ.

ಆ ತುಂಡು ಇರುವತನಕ ಗೇಟು ಪೂರ್ತಿ ಮುಚ್ಚುವುದಿಲ್ಲ, ಏಳು ಅಂಗುಲ ತೆರೆದೇ ಇರುತ್ತದೆ. ಅಲ್ಲಿ ಹರಿಯುವುದು ನದಿಯ ಪಾಲು: ಕೆಳಗಿನ ಮೂರು ಊರುಗಳ ಕುಡಿಯುವ ನೀರು, ಮಡುವಿನ ಮೀನಿನ ಜೀವ. ಉಳಿದದ್ದು ಕಾಲುವೆಗೆ, ಕಾರ್ಖಾನೆಗೆ. ನಿಯಮ ಬರೆದವರು ದೊಡ್ಡವರು, ಬೈಗುಳ ತಿನ್ನುವವರು ಇವರು. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅಳತೆಪಟ್ಟಿ ನೋಡಿ ಬರೆಯುತ್ತಿದ್ದಾರೆ.

"ಬೇಸಿಗೆ ಬಂತು ಅಂದ್ರೆ ಎಲ್ಲರಿಗೂ ನಾನೇ ಶತ್ರು. ನೀರು ಸುಮ್ನೆ ಹರಿದು ಹೋಗ್ತಿದೆ ಅಂತಾರೆ. ಕೆಳಗೆ ಇರೋರು ಮನುಷ್ಯರಲ್ವಾ ಸಾರ್?" ಎಂದು ನೋಡಲು ಬಂದ ನಮ್ಮನ್ನೇ ಕೇಳುತ್ತಾರೆ.

ಹದಿನಾಲ್ಕು ವರ್ಷದ ಹಿಂದೆ ಇವರೂ ಒಮ್ಮೆ ಸೋತರು. ಕಾಲುವೆ ಮೇಲ್ವಿಚಾರಕರು "ಒಂದೇ ದಿನ ಕಣಯ್ಯಾ" ಎಂದು ಬೆನ್ನು ಬಿದ್ದಾಗ ಇವರು ತುಂಡು ತೆಗೆದು ಗೇಟು ಪೂರ್ತಿ ಮುಚ್ಚಿದರು. ಮರುದಿನ ಗೇಟು ಎತ್ತಲು ಹೋದರೆ ಹೂಳು ಕಚ್ಚಿಕೊಂಡಿತ್ತು, ಏನು ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಬಿಡಿಸಲು ಆರು ದಿನ ಹಿಡಿಯಿತು. ಅಷ್ಟರಲ್ಲಿ ಮಡು ಬತ್ತಿ ಮೀನು ಸತ್ತು ನಾರಿದವು. ಆ ರಾಡಿಯನ್ನೇ ಸೋಸಿ ಕುಡಿದವರಿಗೆ ವಾಂತಿಭೇದಿ ಹತ್ತಿತು. ಕೆಳಗಿನ ಊರಿಗೆ ಕೊಟ್ಟಿದ್ದ ಇವರ ತಂಗಿಯ ನಾಲ್ಕು ವರ್ಷದ ಮಗಳು ಉಳಿಯಲಿಲ್ಲ. "ಮಾವ, ಮಾವ" ಎಂದು ಇವರ ಹೆಗಲೇರುತ್ತಿದ್ದ ಕೂಸು.

"ಯಾರೂ ನನ್ನ ಬೈಲಿಲ್ಲ. ಹೂಳು ಅಂದ್ರು, ಹಣೆಬರಹ ಅಂದ್ರು. ತುಂಡು ತೆಗೆದ ಕೈ ನಂದು ಅಂತ ತಂಗಿಗೆ ನಾನೇ ಹೋಗಿ ಹೇಳ್ದೆ. ಬಾಗಿಲು ಹಾಕ್ಕೊಂಡ್ಳು."

ಆ ಬಾಗಿಲು ಇನ್ನೂ ತೆರೆದಿಲ್ಲ. ಇಷ್ಟು ಹೇಳಿ ಅವರು ಗ್ರೀಸ್ ಡಬ್ಬಿ ಎತ್ತಿಕೊಂಡು ಕೆಲಸ ಮುಂದುವರಿಸುತ್ತಾರೆ. ಅಂದಿನಿಂದ ಅವರು ಒಂದು ದಿನವೂ ರಜೆ ಹಾಕಿಲ್ಲ, ಮೇಲಿನವರ ಯಾವ ಫೋನಿಗೂ ತುಂಡು ತೆಗೆದಿಲ್ಲ. ಎರಡು ಸಲ ಸಂಬಳ ಬಡ್ತಿ ತಪ್ಪಿತಂತೆ. "ತಪ್ಪಲಿ ಬಿಡಿ" ಎನ್ನುತ್ತಾರೆ.

ಮುಂದಿನ ತಿಂಗಳು ನಿವೃತ್ತಿ. ಗೇಟಿಗೆ ಮೋಟಾರು ಬರುತ್ತಿದೆ. ಗುಂಡಿ ಒತ್ತಿದರೆ ಪೂರ್ತಿ ಮುಚ್ಚುತ್ತದೆ, ಮರದ ತುಂಡಿಗೆ ಅಲ್ಲಿ ಜಾಗವಿಲ್ಲ. ಗೇಟು ಪೂರ್ತಿ ಕೂರದಂತೆ ಅದರಡಿ ಎರಡು ಬದಿಗೂ ಏಳು ಅಂಗುಲ ಎತ್ತರದ ಕಲ್ಲು ಕೂರಿಸಿ ಎಂದು ಮೂರು ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ.

ಬಿಸಿಲೇರುವ ಹೊತ್ತಿಗೆ ಕೆಳಗಿನ ತಿರುವಿನಲ್ಲಿ ಹೆಂಗಸೊಬ್ಬಳು ಕೊಡ ಹಿಡಿದು ಮಡುವಿಗೆ ಇಳಿಯುತ್ತಾಳೆ. ತಲೆಯೆತ್ತಿ ಅಣೆಕಟ್ಟೆಯ ಕಡೆ ನೋಡುವುದಿಲ್ಲ. ಅವಳು ಯಾರೆಂದು ನಾವು ಕೇಳಬೇಕಾಗಿಲ್ಲ.

"ಮಾತಾಡ್ಲಿ ಅಂತ ಕೇಳಲ್ಲ ಸಾರ್," ಎನ್ನುತ್ತಾರೆ ಅಣ್ಣ. "ಅವಳ ಕೊಡ ತುಂಬಿದ್ರೆ ಸಾಕು. ನಾನು ಹೋದ್ಮೇಲೂ."