ದಂಪತಿ ಚಾಕು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಅವಳ ಮೈದುನ ಒಬ್ಬನಿಗೆ. ಅವನು ಹೊತ್ತುಮೂಡಿದಾಗಿನಿಂದ ಅತ್ತಿಗೆ, ಅತ್ತಿಗೆ ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಕೂಗಿ, ಹಾಲಿನವನಿಂದ ಹಿಡಿದು ಗುಜರಿ ಅಂಗಡಿಯ ಹಲ್ಲಿಲ್ಲದ ಮುದುಕನವರೆಗೆ ಎಲ್ಲರ ಬಾಯಿಗೂ ಅದೇ ಅಂಟಿಕೊಂಡಿತ್ತು. ಇರಲಿ ಬಿಡಿ, ಕರೆಸಿಕೊಂಡವಳಿಗೇ ಬೇಸರವಿಲ್ಲದ ಮೇಲೆ ನಮ್ಮದೇನು.

ಅವರದು ಮಡಚುವ ಚಾಕು ಮಾಡುವ ಮನೆ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನದರಲ್ಲಿ ಅಡುಗೆ, ಎರಡಕ್ಕೂ ಸೇರಿ ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ. ಕಿಟಕಿಗೆ ಮುಖ ಮಾಡಿ ಅತ್ತಿಗೆ ಕೂರುತ್ತಿದ್ದಳು. ಅವಳ ಬೆನ್ನ ಹಿಂದಿನ ಮೇಜು ಗಂಡನದು, ಬಾಗಿಲ ಪಕ್ಕ, ಅವಳ ಕಣ್ಣಿಗೆ ಬೀಳುವಂಥದ್ದು ಮೈದುನನದು. ಮಾಡುತ್ತಿದ್ದದ್ದು ಬೆರಳುದ್ದದ, ಎರಡು ಅಲಗಿನ ಸಣ್ಣ ಚಾಕು. ಅದರಲ್ಲಿ ಎರಡು ಬಗೆ. ಮೈದುನನ ಚಾಕುವಿನಲ್ಲಿ ಎರಡೂ ಅಲಗು ಒಂದೇ ತುದಿಯಿಂದ ಹೊರಗೆ ಬರುತ್ತವೆ, ಒಂದೊಂದಕ್ಕೂ ಬೇರೆ ಸ್ಪ್ರಿಂಗು. ಗಂಡನ ಚಾಕುವಿನಲ್ಲಿ ಆ ತುದಿಗೊಂದು, ಈ ತುದಿಗೊಂದು. ಬೆನ್ನಿಗೆ ಮಾತ್ರ ಒಂದೇ ಸ್ಪ್ರಿಂಗು.

ಈ ಗಂಡನೆಂಬುವನು ಬಾಯಿ ಮುಚ್ಚಿ ಕೂರುವ ಜಾತಿಯವನಲ್ಲ. ಅರ ಉಜ್ಜುವುದು ಒಂದು ಕಡೆ, ಗೊಣಗುಟ್ಟುವ ಧಾಟಿಯಲ್ಲಿ ನಗೆಚಾಟಿಕೆ ಇನ್ನೊಂದು ಕಡೆ. ತಮ್ಮನ ಚಾಕುವಿಗೆ ಅವನು ಇಟ್ಟ ಹೆಸರು ವಾರಗಿತ್ತಿ ಚಾಕು. "ಇಬ್ಬರೂ ಒಂದೇ ಬಾಗಿಲಲ್ಲಿ ಮೊಣಕೈ ತಾಗಿಸ್ಕೊಂಡು ಹೊರಡ್ತಾರೆ, ಆದ್ರೆ ಒಲೆ ಬೇರೆ ಬೇರೆ." ತನ್ನದು ದಂಪತಿ ಚಾಕು. "ಒಂದೇ ಕಂಬಳಿ. ಅವಳು ಎದ್ದು ಕೂತ್ರೆ ನನ್ನ ಕಾಲಿಗೆ ಚಳಿ."

ತಮಾಷೆಯಾದರೂ ವಿಷಯ ಇದ್ದದ್ದೇ ಹಾಗೆ. ದಂಪತಿ ಚಾಕುವಿನಲ್ಲಿ ಒಂದು ಅಲಗಿನ ಬುಡ ಕೂದಲೆಳೆಯಷ್ಟು ಎತ್ತರ ಉಳಿದರೆ ಸಾಕು, ಅದನ್ನು ಬಿಚ್ಚಿದಾಗ ಸ್ಪ್ರಿಂಗು ಮೇಲೆದ್ದು ನಿಲ್ಲುತ್ತದೆ, ಆಚೆ ತುದಿಯ ಅಲಗಿಗೆ ಬಿಗಿ ಸಿಗುವುದಿಲ್ಲ. ಸುಮ್ಮನೆ ನೋಡಿದರೆ ಕಣ್ಣಿಗೆ ಕಾಣುವುದಿಲ್ಲ. ಎರಡೂ ಅಲಗು ಬಿಚ್ಚಿ, ಒಂದನ್ನು ಮಡಚಿ ಮತ್ತೆ ಬಿಡಿಸಿ ಕಿವಿಗೊಟ್ಟರೆ ಗೊತ್ತಾಗುತ್ತದೆ. ಸರಿಯಿದ್ದರೆ ಟಕ್, ಇಲ್ಲದಿದ್ದರೆ ಟಪ್. ಆ ಟಪ್ ಎಂಬುದನ್ನು ಹಿಡಿದು ಪಕ್ಕಕ್ಕೆಸೆಯುವುದೇ ಅತ್ತಿಗೆಯ ಕೆಲಸವಾಗಿತ್ತು.

ಆ ಜಾಗದಲ್ಲಿ ಅವಳನ್ನು ಕೂರಿಸಿದ್ದು ಈಗಿಲ್ಲದ ಮಾವ. ಮದುವೆಯಾಗಿ ಬಂದ ಹೊಸತರಲ್ಲಿ, ಒಳಗೆ ಪಾತ್ರೆ ತಿಕ್ಕುತ್ತಿದ್ದ ಸೊಸೆ "ಮಾವ, ಈಗ ಮಡಚಿದ್ದು ಸರಿಯಿಲ್ಲ" ಎಂದಿದ್ದಳಂತೆ. ಮುದುಕ ಅವತ್ತೇ ಮಕ್ಕಳಿಬ್ಬರನ್ನೂ ಕರೆದು ಹೇಳಿದ: "ಮಾಡಿದವನು ತನ್ನ ಚಾಕು ತಾನೇ ಕೇಳ್ಬಾರ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ಕೈ ಅಂದ್ಮೇಲೆ ತಪ್ಪುತ್ತೆ, ಹಿಡಿಯೋಕೆ ಈ ಹುಡುಗಿ ಇದ್ದಾಳೆ." ಹೆತ್ತ ಮಕ್ಕಳಿಗೆ ಸಿಗದ ಪಟ್ಟ ಸೊಸೆಗೆ ಸಿಕ್ಕಿತ್ತು. ಅವಳಿಗೆ ಅದರ ಹೆಮ್ಮೆ ಸಣ್ಣದಲ್ಲ.

ಹೋದ ಬೇಸಿಗೆಯಲ್ಲಿ ಆ ಕಿವಿ ಕೈಕೊಟ್ಟಿತು. ಮೊದಲು ಕುಕ್ಕರಿನ ಸೀಟಿ ಎಲ್ಲೋ ಪಕ್ಕದ ಮನೆಯದು ಎನಿಸಿತು. ಆಮೇಲೆ ಅದೂ ಇಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತಿತ್ತು, ಹಿಂದಿನಿಂದ ಬಂದದ್ದು ಗೋಡೆಗೆ ಬಂದ ಹಾಗೆ. ಟಕ್ಕಿಗೂ ಟಪ್ಪಿಗೂ ವ್ಯತ್ಯಾಸ ಅಳಿಸಿಹೋಯಿತು. ಹೇಳಬೇಕಿತ್ತು, ಹೇಳಲಿಲ್ಲ. ಕಿವಿ ಹೋದರೆ ಈ ಮನೆಯಲ್ಲಿ ನಾನ್ಯಾರು ಎಂಬ ಹೆದರಿಕೆ ಅವಳ ಬಾಯಿ ಕಟ್ಟಿಹಾಕಿತು.

ಹಾಗಂತ ಸುಮ್ಮನೆ ಕೂರುವವಳೂ ಅಲ್ಲ. ಚಾಕುವಿನ ಹಿಡಿಯನ್ನು ದವಡೆ ಮೂಳೆಗೆ ಒತ್ತಿಕೊಂಡು ಅಲಗು ಆಡಿಸಿದರೆ ಸದ್ದು ಮೂಳೆಯೊಳಗೆ ಬಂದು ಬಡಿಯುತ್ತದೆ ಎಂದು ಕಂಡುಕೊಂಡಳು. ಮೈದುನ ನೋಡಿ, "ಅತ್ತಿಗೆ ಈಗ ಚಾಕುಗೆ ಗುಟ್ಟು ಹೇಳೋಕೆ ಶುರು ಮಾಡಿದಾರೆ" ಎಂದು ನಕ್ಕ. ವಾರಗಿತ್ತಿ ಚಾಕುವಿಗೆ ಈ ಉಪಾಯ ಚೆನ್ನಾಗಿ ನಡೆಯಿತು, ಅದರ ಇನ್ನೊಂದು ತುದಿ ಬೋಳು. ದಂಪತಿ ಚಾಕುವಿನದು ಫಜೀತಿ. ಎರಡೂ ಅಲಗು ಬಿಚ್ಚಿದರೆ ದವಡೆಗೆ ಇಡುವ ತುದಿಯಲ್ಲೂ ಅಲಗು. ಹಾಗಾಗಿ ಅವಳು ಒಂದು ಸಲಕ್ಕೆ ಒಂದೇ ಅಲಗು ಬಿಚ್ಚಿ ಕೇಳತೊಡಗಿದಳು. ಅಷ್ಟು ಸಾಲದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಕೈ ಒಳ್ಳೆಯದು, ಏನೂ ಆಗಲಾರದು ಎಂದು ದಿನಾ ಬೆಳಿಗ್ಗೆ ತನ್ನನ್ನು ತಾನೇ ನಂಬಿಸಿಕೊಂಡಳು.

ಆದದ್ದು ಗಿಡಗಳಿಗೆ ಕಸಿ ಕಟ್ಟುವ ಹೆಂಗಸಿಗೆ. ಬೀದಿಯ ಕೊನೆಯ ಸಸ್ಯಾಗಾರದಲ್ಲಿ ಕೆಲಸ ಅವಳದು. ಒಂದು ಅಲಗಿನಿಂದ ಕಡ್ಡಿ ಕೊಯ್ಯುವುದು, ಇನ್ನೊಂದರಿಂದ ತೊಗಟೆ ಬಿಡಿಸುವುದು. ಒಂದು ಮಧ್ಯಾಹ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು, ದಂಪತಿ ಚಾಕುವೊಂದನ್ನು ಮೇಜಿನ ಮೇಲಿಟ್ಟು, "ತೊಗಟೆ ಬಿಡಿಸ್ತಿದ್ದೆ, ತಾನಾಗೇ ಮಡಚ್ಕೊಳ್ತು" ಎಂದಳು. ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹೊಲಿಗೆ ಹಾಕಿಸಿಕೊಳ್ಳಲು ಅವಳು ಹೊರಟ ಮೇಲೆ ಮೈದುನ ಚಾಕು ಎತ್ತಿ, ಎರಡೂ ಅಲಗು ಬಿಚ್ಚಿ, ಬೆಳಕಿಗೆ ಹಿಡಿದ. ಸ್ಪ್ರಿಂಗು ಕೂದಲೆಳೆಯಷ್ಟು ಎದ್ದು ನಿಂತಿತ್ತು. ಅವನು ಅತ್ತಿಗೆಯ ಕಡೆ ತಿರುಗಲೇ ಇಲ್ಲ, ಅಣ್ಣನ ಕಡೆ ನೋಡಿದ.

"ಕೈ ನಡುಗ್ತಿದೆಯಾ ಅಣ್ಣ?"

ಗಂಡ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. "ನಡುಗ್ತಿಲ್ಲ. ನಡುಗೋದು ನನಗೇ ಗೊತ್ತಾಗ್ತಿಲ್ವೋ ಏನೋ."

"ದಂಪತಿ ಚಾಕು ನಿಲ್ಲಿಸಿಬಿಡೋಣ. ವಾರಗಿತ್ತಿ ಒಂದೇ ಸಾಕು. ಅತ್ತಿಗೆ ಕಿವಿಯಿಂದ್ಲೂ ತಪ್ಪಿಸ್ಕೊಂಡಿದೆ ಅಂದ್ರೆ ತಪ್ಪು ಎಷ್ಟು ಸಣ್ಣದಿರ್ಬೇಕು, ಇನ್ನು ನಾವೇನು ಹಿಡಿಯೋದು?"

ತುಟಿ ನೋಡಿ ಹಿಡಿದ ಆ ಮಾತು ಅತ್ತಿಗೆಯ ಎದೆಗೆ ಮೊಳೆ ಹೊಡೆದ ಹಾಗೆ ನಾಟಿತು. ಹೇಳಿದರೆ ಅವಳ ಜಾಗ ಹೋಗುತ್ತದೆ, ಹೇಳದಿದ್ದರೆ ಗಂಡನ ಕೈಯ ಹೆಸರು ಹೋಗುತ್ತದೆ. ಅವಳು ಎದ್ದು ಅನ್ನಕ್ಕಿಡಲು ಒಳಗೆ ಹೋದಳು.

ಗಂಡ ಮರುದಿನವೇ ತನ್ನ ಅರಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟ. ತಮ್ಮನಿಗೆ ಹಿಡಿಗಳನ್ನು ಉಜ್ಜಿಕೊಡುತ್ತ ಕೂತ. ಮೈದುನ ನಗುವುದನ್ನೂ ಬಿಟ್ಟ, ನಗಲು ಅಣ್ಣನ ಬಾಯಿಂದ ಏನೂ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಗಂಡ ತುತ್ತು ಎತ್ತಿದ ಕೈಯನ್ನು ಅರ್ಧದಲ್ಲಿ ನಿಲ್ಲಿಸಿ ದಿಟ್ಟಿಸುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ನಾಳೆ ಹೇಳುತ್ತೇನೆ ಎನ್ನುತ್ತಿದ್ದಳು. ನಾಳೆ ಎಂದವರ ಮನೆ ಹಾಳು ಎಂದು ಅವಳ ತಾಯಿಯೇ ಹೇಳುತ್ತಿದ್ದಳು, ಪಾಪ.

ಹೊಲಿಗೆ ಬಿಚ್ಚುವ ಮೊದಲೇ ಕಸಿಯವಳು ಮತ್ತೆ ಬಂದಳು.

"ಚಾಕು ಬೇಕಿತ್ತು" ಎಂದಳು.

ಮೈದುನ ವಾರಗಿತ್ತಿ ಚಾಕು ಕೊಟ್ಟ. ಅವಳು ಕೈಯಲ್ಲಿ ಹಿಡಿದು ನೋಡಿ ವಾಪಸು ಇಟ್ಟಳು. "ಇದು ನನಗಾಗಲ್ಲ. ಒಂದರಲ್ಲಿ ಕೊಯ್ಯುವಾಗ ಇನ್ನೊಂದು ಪಕ್ಕದಲ್ಲೇ ಅಡ್ಡ ಬರುತ್ತೆ. ಆ ಕಡೆ ಈ ಕಡೆ ತೆರೆಯೋದೇ ಬೇಕು."

"ಅದು ನಿಲ್ಲಿಸಿದೀವಮ್ಮ."

"ಮಾಡಿಟ್ಟಿದ್ದು ಇಲ್ವಾ? ಅತ್ತಿಗೆ ಕೇಳಿ ಕೊಡ್ಲಿ, ತಗೊಂಡು ಹೋಗ್ತೀನಿ. ಒಂದ್ಸಲ ತಪ್ಪಿದ್ದಕ್ಕೆ ಯಾರೂ ಕೆಲಸ ಬಿಡಲ್ಲ. ಆದ್ರೆ ಎರಡೂ ಅಲಗು ಬಿಚ್ಚಿ ಕೇಳಮ್ಮ. ಎರಡೂ ಬಿಚ್ಚಿದ್ದಾಗ್ಲೇ ನನ್ನ ಬೆರಳು ಕೊಯ್ದಿದ್ದು."

ಮೈದುನ ಮಾಡಿಟ್ಟ ದಂಪತಿ ಚಾಕುಗಳ ತಟ್ಟೆ ತಂದು ಕಿಟಕಿಯ ಮುಂದಿಟ್ಟ. ಗಂಡ ಹಿಂದೆ ತನ್ನ ಮೇಜಿನಲ್ಲಿ ಹಿಡಿ ಉಜ್ಜುವುದನ್ನು ನಿಲ್ಲಿಸಿದ. ಅತ್ತಿಗೆ ಒಂದು ಚಾಕು ಎತ್ತಿ ಎರಡೂ ಅಲಗು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಆಡಿಸಿದಳು. ಏನೂ ಇಲ್ಲ. ಮತ್ತೆ ಆಡಿಸಿದಳು. ಎದುರಿಗೆ ಇಬ್ಬರು ಅವಳ ಮುಖವನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಅವಳು ಚಾಕುವನ್ನು ದವಡೆಗೆ ತಂದಳು. ಆಚೆ ತುದಿಯ ಅಲಗು ಕಿವಿಯ ಕೆಳಗೆ ಕೆನ್ನೆಯುದ್ದಕ್ಕೂ ಬಂದು ಕೂತಿತು. ತಣ್ಣಗಿತ್ತು. ಅವಳು ಕಣ್ಣು ಮುಚ್ಚಿ ಒತ್ತಿದಳು.

ಕಣ್ಣು ತೆರೆದಾಗ ಕಸಿಯವಳು ಅವಳನ್ನಲ್ಲ, ಅವಳ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಮೈದುನನ ಬಾಯಿ ತೆರೆದೇ ಇತ್ತು. ಅತ್ತಿಗೆ ಚಾಕು ಇಳಿಸಿ ತಿರುಗಿದಳು. ಗಂಡ ಎದ್ದು ನಿಂತಿದ್ದ, ಮುಖ ಬಿಳಿಚಿತ್ತು.

"ಏನು?" ಎಂದಳು.

"ಯಜಮಾನ್ರು ಮೂರು ಸಲ ಹೇಳಿದ್ರಲ್ಲಮ್ಮ" ಎಂದಳು ಕಸಿಯವಳು. "ಅಲಗು ಕೆನ್ನೆಗೆ ಬಂದಿದೆ, ಬೆಚ್ಚಬೇಡ, ನಿಧಾನಕ್ಕೆ ಇಳಿಸು ಅಂತ."

ಇನ್ನೂ ಒಂದು ಬಾಗಿಲು ತೆರೆದಿತ್ತು. ಗಮನ ಇದರಲ್ಲಿತ್ತು ಎಂದರೆ ಮುಗಿಯಿತು, ಯಾರೂ ಅನುಮಾನ ಪಡುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಕಸಿಯವಳು ಕೈ ಚಾಚಿದಳು. "ಹೇಗಿದೆ? ಕೊಡ್ಲಾ ಬೆರಳು ಇದಕ್ಕೆ?" ನಕ್ಕುಕೊಂಡೇ ಕೇಳಿದಳು. ಚಾಚಿದ ಕೈಯಲ್ಲಿ ಹೆಬ್ಬೆರಳು ಬಿಳಿ ಪಟ್ಟಿಯೊಳಗೆ ದಪ್ಪಗೆ ನಿಂತಿತ್ತು.

ಅತ್ತಿಗೆ ಚಾಕು ಕೊಡಲಿಲ್ಲ. "ನನಗೆ ಕೇಳಿಸಲ್ಲ" ಎಂದಳು.

ಅವಳು ಮೈದುನನ ಕಡೆ ನೋಡಿ ಹೇಳಿದಳು: "ಹೋದ ಬೇಸಿಗೆಯಿಂದ ಕೇಳಿಸಲ್ಲ. ನಿನ್ನ ಚಾಕು ದವಡೆಯಿಂದ ತಿಳಿಯುತ್ತೆ, ಅದು ಸರಿಯಾಗೇ ಹೋಗಿದೆ. ಇವರದನ್ನ ನಾನು ಸರಿಯಾಗಿ ಕೇಳೇ ಇಲ್ಲ. ಕೈ ಎಲ್ಲರದ್ದೂ ತಪ್ಪುತ್ತೆ, ಹಿಡಿಯೋಕೆ ನನ್ನ ಕೂರಿಸಿದ್ರು. ನಾನು ಹಿಡೀಲಿಲ್ಲ. ಬೇಸಿಗೆಯಿಂದ ಈಚೆ ಹೋದ ದಂಪತಿ ಚಾಕು ಎಲ್ಲಾ ವಾಪಸು ತರಿಸ್ಬೇಕು."

ಮೈದುನನಿಗೆ ಸಿಟ್ಟು ಬಂತು, ಬರಬೇಕಾದದ್ದೇ. "ಅಣ್ಣ ಅರ ಕಟ್ಟಿಟ್ಟಾಗ್ಲಾದ್ರೂ ಬಾಯಿ ಬಿಡ್ಬಹುದಿತ್ತಲ್ಲ ಅತ್ತಿಗೆ." ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅವನ ತುಟಿ ಕಾಣುವುದಿಲ್ಲ, ಬೈಗುಳ ಪೂರ್ತಿ ತಿಳಿಯುವುದಿಲ್ಲ. ಬೈಸಿಕೊಳ್ಳುವುದನ್ನು ಅವಳು ಅರ್ಧಕ್ಕೆ ಬಿಡುವವಳಲ್ಲ.

ಬೈದು ಮುಗಿಸಿ ಅವನೇ ತಟ್ಟೆಯ ಚಾಕುಗಳನ್ನು ಒಂದೊಂದಾಗಿ ಎತ್ತಿ ಕಿವಿಗೊಟ್ಟ. ಅತ್ತಿಗೆ ದವಡೆಗೆ ಒತ್ತಿಕೊಂಡದ್ದು ಟಪ್ ಎಂದು ಪಕ್ಕಕ್ಕೆ ಹೋಯಿತು. ಅದರ ಮುಂದಿನದೂ ಹೋಯಿತು. ಉಳಿದವೆಲ್ಲ ಚೆನ್ನಾಗಿದ್ದವು. ಅದರಲ್ಲೊಂದನ್ನು ಕಸಿಯವಳು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ಮೇಲೆ ಎದುರಿಗೆ ನಿಂತು ಮಾತಾಡ್ತೀನಿ ಬಿಡಮ್ಮ" ಎಂದು ಹೋದಳು.

ಗಂಡ ಅಲ್ಲಿಯವರೆಗೆ ನಿಂತೇ ಇದ್ದ. ಈಗ ಸುತ್ತಿ ಬಂದು ಅವಳ ಮುಂದೆ, ಕಿಟಕಿಗೆ ಬೆನ್ನು ಹಾಕಿ ನಿಂತ.

"ಹಿಂದೆ ಕೂತು ನಾನು ಹೇಳಿದ್ದೆಲ್ಲ?"

"ಒಂದೂ ಕೇಳಿಲ್ಲ."

"ನಗ್ತಿದ್ದೆಯಲ್ಲ?"

"ನಿಮ್ಮ ತಮ್ಮ ನಕ್ಕಾಗ ನಾನೂ ನಗ್ತಿದ್ದೆ. ಅವನ ಮುಖ ನನಗೆ ಕಾಣ್ತಿತ್ತು."

"ಅವನಿಲ್ಲದಾಗ ನೀನು ನಕ್ಕೇ ಇಲ್ಲ" ಎಂದ ಅವನು. "ಜಾಣಗಿವುಡು ಅಂದ್ಕೊಂಡಿದ್ದೆ. ನಾನು ಸಾಕಾದೆ ಇವಳಿಗೆ ಅಂದ್ಕೊಂಡಿದ್ದೆ. ಒಂದು ವರ್ಷ ಹಂಗೇ ಅಂದ್ಕೊಂಡು ನಿನ್ನ ಪಕ್ಕ ಮಲಗಿದೀನಿ ಕಣೇ."

ಅವಳಿಗೆ ಅಳು ಬಂತು. ಅವನ ಹೆಸರು ಹಾಳಾಗುವುದನ್ನು ನೋಡಿ ನೋಡಿ ನವೆದಿದ್ದಳು, ಇದೊಂದು ಮಾತ್ರ ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಅವನು ಗೂಡಿನಿಂದ ಎಣ್ಣೆಬಟ್ಟೆಯ ಗಂಟು ತಂದ. ತನ್ನ ಸ್ಟೂಲನ್ನು ಎಳೆದು ಅವಳ ಎದುರಿಗೆ ಹಾಕಿಕೊಂಡ. ಅಲ್ಲಿ ಕೂತರೆ ಅವನ ನೆರಳೇ ಅವನ ಕೆಲಸದ ಮೇಲೆ ಬೀಳುತ್ತಿತ್ತು, ಆದರೂ ಕೂತ. ಪಕ್ಕಕ್ಕೆ ಹಾಕಿದ ಚಾಕು ಬಿಚ್ಚಿ, ಅಲಗಿನ ಬುಡಕ್ಕೆ ಅರ ಹಚ್ಚಿದ. ಅವನ ಚಾಕು ಕೇಳುವ ಕೆಲಸ ಇನ್ನು ಮೈದುನನ ಪಾಲಿಗೆ ಬಂತು, ಮೈದುನನದನ್ನು ಕೇಳುವುದು ಅಣ್ಣನ ಪಾಲಿಗೆ. ಅತ್ತಿಗೆ ಹಿಡಿ ಉಜ್ಜುವ ಕಾಗದ ಕೈಗೆತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಅವನ ತುಟಿ ಆಡಿತು. ಬಾಗಿಲ ಬಳಿ ಮೈದುನ ನಕ್ಕ.

"ಏನಂದ್ರಿ?"

ಅವನು ಮತ್ತೆ ಹೇಳಿದ. ಅವಳಿಗೆ ಅರ್ಧ ಮಾತ್ರ ತಿಳಿಯಿತು, ಇನ್ನೊಮ್ಮೆ ಹೇಳಿಸಿದಳು. ಅವನು ಅರ ಕೆಳಗಿಟ್ಟು, ಒಂದೊಂದೇ ಪದ ಬಿಡಿಸಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಅತ್ತಿಗೆ ಅವನ ತುಟಿಯನ್ನೇ ನೋಡಿ ಪೂರ್ತಿ ಕೇಳಿಸಿಕೊಂಡು, ಕಣ್ಣೊರೆಸಿಕೊಂಡಳು.

"ಇಷ್ಟಕ್ಕಾ ಅವನು ಒಂದು ವರ್ಷ ಅಷ್ಟು ನಗ್ತಿದ್ದದ್ದು?" ಎಂದಳು.