ಹಾಸಿಗೆ ಅಕ್ಕ ಆಡಳಿತ ಮಂಡಳಿ ಸೇರಿದ ದಿನ

ಆಸ್ಪತ್ರೆಯವರು ನಿಮಗೊಂದು ಕುರ್ಚಿ ಇದೆ ಅಂದಾಗ ಅವಳು ಮೊದಲು ಕೇಳಿದ್ದು, "ರಿಪೇರಿಗಾ?" ಅಂತ.

ಅವಳ ತಪ್ಪಲ್ಲ. ಹಾಸಿಗೆ, ದಿಂಬು, ಕುರ್ಚಿಯ ಮೆತ್ತೆ ಬಿಚ್ಚಿ ಹತ್ತಿ ತುಂಬಿ ಹೊಲಿಯುವುದೇ ಅವಳ ಕಸುಬು. ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಗಲ್ಲಿಗೆಲ್ಲ ಅವಳು ಹಾಸಿಗೆ ಅಕ್ಕ. ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟು. ಮದುವೆಯಾಗಿ ಬಂದ ಮೇಲೆ ಗಂಡ ಕೈಗೆ ದಬ್ಬಣ ಕೊಟ್ಟು, "ಬರೆಯೋದಕ್ಕಿಂತ ಇದು ಸುಲಭ ಕಣೇ. ಸಾಲು ಸೊಟ್ಟಗಾದ್ರೂ ಯಾರೂ ಬೈಯಲ್ಲ, ಮೇಲೆ ಮಲಗಿಬಿಡ್ತಾರೆ" ಅಂದಿದ್ದ. ಅವನು ಹತ್ತಿ ಹಿಂಜುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಜಗಳವಾಡಿದ ದಿನವೂ ಒಂದೇ ಹಾಸಿಗೆಯ ಎರಡು ತುದಿ ಹಿಡಿದು ಇಬ್ಬರೂ ಕೊಡವಲೇಬೇಕು. ಹಾಗಾಗಿ ಆ ಮನೆಯಲ್ಲಿ ಜಗಳಗಳಿಗೆ ಆಯಸ್ಸು ಕಡಿಮೆ.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವನು ಹಿಂಜಿದ ಹತ್ತಿಯ ಮೇಲೆಯೇ ಎದೆ ಹಿಡಿದುಕೊಂಡು ಕೂತ. ಮುಖವೆಲ್ಲ ಬೆವರು. ಅವಳು ಓಡಿಹೋಗಿ ಬೀದಿಯ ಹಾಲಿನ ವ್ಯಾನ್ ನಿಲ್ಲಿಸಿದಳು. ಡ್ರೈವರ್ ಗಾಡಿ ತಿರುಗಿಸುವಷ್ಟರಲ್ಲಿ, ಬಿಚ್ಚಿಹೋಗಿದ್ದ ಕೂದಲನ್ನು ಗಂಟು ಕಟ್ಟಿಕೊಂಡಳು. ಅಷ್ಟೇ ಅವಳು ಮಾಡಿದ್ದು. ಅತ್ತೆ ಒಳಬಾಗಿಲಲ್ಲಿ ನಿಂತು ಅದನ್ನು ನೋಡಿದ್ದರು.

ಆಸ್ಪತ್ರೆಯ ಕೆಳಗಿನ ಡಾಕ್ಟರು ನೋಡಿದವರೇ ನಾಲ್ಕನೇ ಮಹಡಿಯ ಹೃದಯದ ವಾರ್ಡಿಗೆ ತಕ್ಷಣ ಒಯ್ಯಿರಿ ಅಂದರು. ಸ್ಟ್ರೆಚರ್ ಲಿಫ್ಟಿನ ಹತ್ತಿರ ಬಂತು. ಬಾಗಿಲ ಮುಂದೆ ಒಂದು ಬೋರ್ಡು ತೂಗುತ್ತಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ದುರಸ್ತಿಯಲ್ಲಿದೆ. ಹೊರುವುದಕ್ಕೆ ಜನ ಹುಡುಕಿದರು. ಸಿಕ್ಕವರು ಮೆಟ್ಟಿಲು ಹತ್ತಿದರು. ಸ್ಟ್ರೆಚರ್ ತಿರುವುಗಳಲ್ಲಿ ತಿರುಗದು, ಇಳಿಸುವುದು, ಓರೆ ಮಾಡುವುದು, ಮತ್ತೆ ಎತ್ತುವುದು. ಮೂರನೇ ಮಹಡಿಯ ತಿರುವಿನಲ್ಲಿ ಅವಳ ಕೈಯೊಳಗಿದ್ದ ಅವನ ಕೈ ಸಡಿಲವಾಯಿತು.

ವಾರ್ಡಿನ ಡಾಕ್ಟರು ಹೊರಗೆ ಬಂದು, "ಇನ್ನೂ ಸ್ವಲ್ಪ ಮೊದಲೇ ತಂದಿದ್ದರೆ..." ಅಂದು ಹೋದರು. ಆ ಹೊತ್ತಿಗೆ ಅತ್ತೆಯೂ ಬಂದು ಮುಟ್ಟಿದ್ದರು. ಬೇರೇನೂ ಅವರ ಕಿವಿಗೆ ಬೀಳಲಿಲ್ಲ, ಈ ಮಾತು ಬಿತ್ತು.

ಅಂದಿನಿಂದ ಮನೆಯಲ್ಲಿ ಅದೇ ಮಾತು. "ನನ್ನ ಮಗ ಬಾಯಿ ಬಿಡ್ತಾ ಕೂತಿದ್ದ, ಇವಳು ಮುಡಿ ಕಟ್ಕೋತಾ ನಿಂತಿದ್ಲು, ಮಹಾರಾಣಿ."

"ಅತ್ತೆ, ಲಿಫ್ಟ್ ಕೆಟ್ಟಿತ್ತು. ಅಲ್ಲೇ ಹೊತ್ತಾಯ್ತು."

"ಕಬ್ಬಿಣ ಅಂದ್ಮೇಲೆ ಕೆಡುತ್ತೆ. ಅದಕ್ಕೇನು ಜೀವ ಇದೆಯಾ, ಅದನ್ನ ಬೈಯೋಕೆ? ನೀನು ಬೇಗ ಹೊರಡಬಹುದಿತ್ತು."

ಕೆಟ್ಟ ಲಿಫ್ಟಿನ ಮೇಲೆ ತಪ್ಪು ಹೊರಿಸಲಾಗದು, ಹಾಗಾದರೆ ಉಳಿದವಳು ಅವಳೊಬ್ಬಳೇ. ಅತ್ತೆ ಅವಳ ಕೈಯ ಊಟ ಮಾಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅವಳಿಗೂ ರಾತ್ರಿ ಮಲಗಿದರೆ ತನ್ನ ಕೈಯೇ ಕಣ್ಣೆದುರು ಬರುತ್ತಿತ್ತು, ಕೂದಲು ಸುತ್ತುತ್ತಿದ್ದ ಕೈ. ನಿಜವಾಗಿ ತಾನೇ ತಡ ಮಾಡಿದೆನಾ? ಗಂಡನಿಗಾಗಿ ಅಳಬೇಕೆಂದು ಕೂತರೆ ಈ ಪ್ರಶ್ನೆ ಬಂದು ಅಳುವನ್ನೂ ಕಿತ್ತುಕೊಳ್ಳುತ್ತಿತ್ತು.

ಆಸ್ಪತ್ರೆಗೆ ಹೋಗಿ ಕೇಳತೊಡಗಿದಳು. ಲಿಫ್ಟ್ ಯಾಕೆ ಕೆಟ್ಟಿತ್ತು? ಯಾರು ನೋಡಿಕೊಳ್ಳೋರು? ಒಬ್ಬರು ಇನ್ನೊಬ್ಬರ ಕೋಣೆ ತೋರಿಸಿದರು, ಅವರು ಮತ್ತೊಬ್ಬರ ಕೋಣೆ. ಹೊರಗಿನ ಬೆಂಚಿನ ಮೇಲೆ ಕೂತವರಿಗೆಲ್ಲ ತನ್ನ ಕತೆ ಹೇಳಿದಳು. ಹೀಗೆ ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯ ಮ್ಯಾನೇಜರಮ್ಮ ತಾನೇ ಅಂಗಡಿಗೆ ಬಂದರು. ಆಡಳಿತ ಮಂಡಳಿಯಲ್ಲಿ ರೋಗಿಗಳ ಕಡೆಯವರಿಗೆ ಅಂತ ಒಂದು ಸ್ಥಾನ ಖಾಲಿ ಇದೆಯಂತೆ.

"ನಿಮ್ಮಂಥವರ ದನಿ ನಮಗೆ ಬೇಕಮ್ಮ" ಅಂದರು ಮ್ಯಾನೇಜರಮ್ಮ, ಕೂರಲು ಜಾಗ ಹುಡುಕುತ್ತಾ. ಹತ್ತಿ ಅಂಟೀತೆಂದು ನಿಂತೇ ಇದ್ದರು.

ಅವರು ಹೋದ ಮೇಲೆ ಎದುರಿನ ಕೊಡೆ ರಿಪೇರಿಯ ಮುದುಕ ನಕ್ಕ. "ಬಾಯಿಗೆ ಬೀಗ ಹಾಕ್ತಿದಾರೆ ಕಣಮ್ಮ. ಬೀಗಕ್ಕೆ ಕುರ್ಚಿ ಅಂತ ಹೆಸರಿಟ್ಟಿದಾರೆ ಅಷ್ಟೆ."

"ಕೂತರೆ ಲಿಫ್ಟ್ ಆದ್ರೂ ಸರಿಮಾಡಿಸ್ತೀನಿ ಮಾವ. ಇನ್ನೊಬ್ಬಳಿಗೆ ಹೀಗಾಗೋದು ಬೇಡ" ಅಂದಳು.

ಹೊಸ ಸದಸ್ಯರಿಗೆ ಆಸ್ಪತ್ರೆ ತೋರಿಸಿ, ಕೆಲಸ ತಿಳಿಸಿಕೊಡುವ ದಿನ ಬಂತು. ಹೊಸಬರು ಇಬ್ಬರೇ, ಇವಳು ಮತ್ತು ಒಬ್ಬ ಸಿಮೆಂಟ್ ವ್ಯಾಪಾರಿ. ದಪ್ಪ ಆಳು, ದೊಡ್ಡ ನಗು. ಇಬ್ಬರಿಗೂ ಹೂಗುಚ್ಛ, ಎದೆಗೆ ಬ್ಯಾಡ್ಜು, ಕೈಗೆ ಹೊಳೆಯುವ ಫೈಲು. ಅವಳಿಗೆ ಹೂಗುಚ್ಛ ಎಲ್ಲಿಡಬೇಕೋ ತಿಳಿಯದೆ ಕಂಕುಳಲ್ಲಿ ದಿಂಬಿನ ಹಾಗೆ ಇಟ್ಟುಕೊಂಡಳು.

ಮ್ಯಾನೇಜರಮ್ಮ ಮುಂದೆ ನಡೆಯುತ್ತಾ ಪಾಠ ಹೇಳುತ್ತಿದ್ದರು. ಸದಸ್ಯರು ದಿನದಿನದ ಕೆಲಸದಲ್ಲಿ ಮೂಗು ತೂರಿಸಬಾರದು. ಒಳಗೆ ಏನು ಬೇಕಾದರೂ ಮಾತಾಡಬಹುದು, ಹೊರಗೆ ಎಲ್ಲರದೂ ಒಂದೇ ಮಾತು. ಆಸ್ಪತ್ರೆಯ ಮಾನವೇ ನಮ್ಮ ಮಾನ. ಅಡುಗೆಮನೆ ತೋರಿಸಿದರು. ಬಟ್ಟೆ ಒಗೆಯುವ ಕೋಣೆ ತೋರಿಸಿದರು. ಹೋದಲ್ಲೆಲ್ಲ ನೆಲ ಆಗಷ್ಟೇ ಒರೆಸಿದ್ದು, ಹೋದಲ್ಲೆಲ್ಲ ಜನ ಎದ್ದು ನಿಲ್ಲುವವರು. ಅವಳು ತಿಂಗಳುಗಟ್ಟಲೆ ಅಲೆದ ಆಸ್ಪತ್ರೆ ಇದಲ್ಲವೇ ಅಲ್ಲ ಅನ್ನಿಸಿತು.

"ಇನ್ನು ಮೇಲೆ ಹೋಗೋಣ. ಅಧ್ಯಕ್ಷರು ಕಾಯ್ತಿದಾರೆ" ಅಂದರು ಮ್ಯಾನೇಜರಮ್ಮ.

ಲಿಫ್ಟ್ ಬಾಗಿಲು ತೆರೆದಿತ್ತು. ಮುಚ್ಚದಿರಲಿ ಅಂತ ನಡುವೆ ಒಂದು ಸ್ಟೂಲು ಅಡ್ಡ ಇಟ್ಟಿದ್ದರು. ಒಳಗೆ ಲಿಫ್ಟಿನವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಹೊರಗೆ, ಗೋಡೆಯ ಮೊಳೆಗೆ, ಬೋರ್ಡು ತೂಗುತ್ತಿತ್ತು. ದುರಸ್ತಿಯಲ್ಲಿದೆ.

ಸಿಮೆಂಟ್ ವ್ಯಾಪಾರಿ ಸ್ಟೂಲು ದಾಟಿ ಒಳಗೆ ಹೋದ. ಅವಳು ನಿಂತಳು.

"ಇದು ಕೆಟ್ಟಿದೆಯಲ್ಲ?"

ಮ್ಯಾನೇಜರಮ್ಮ ನಕ್ಕರು. "ಇಲ್ಲಮ್ಮ, ಏನೂ ಆಗಿಲ್ಲ, ಬನ್ನಿ. ಅದು ಹೊರಗಿನವರಿಗೆ. ಹೊಸ ಸದಸ್ಯರು ಬರೋ ದಿನ ತೂಗುಹಾಕ್ತೀವಿ. ಇಲ್ಲಾಂದ್ರೆ ಜನ ನುಗ್ತಾರೆ, ಪ್ರತಿ ಮಹಡೀಲೂ ನೀವು ಕಾಯಬೇಕಾಗುತ್ತೆ."

"ಯಾವಾಗಲೂ ಹೀಗೇನಾ?"

"ಮೊದಲಿಂದಲೂ ಹೀಗೇ."

"ಹೋದ ಚಳಿಗಾಲದಲ್ಲಿ ಯಾರಾದ್ರೂ ಹೊಸಬರು ಸೇರಿದ್ರಾ?"

"ಹೂಂ, ನಮ್ಮ ಹೆಡ್‌ಮಾಸ್ಟರು ಸೇರಿದ್ದು ಆಗಲೇ..." ಅನ್ನುತ್ತಿದ್ದ ಮ್ಯಾನೇಜರಮ್ಮನ ಬಾಯಿ ಅಲ್ಲಿಗೇ ನಿಂತಿತು. ಎದುರಿಗಿರುವವಳು ಯಾರು, ಯಾಕೆ ಬಂದವಳು ಅನ್ನುವುದು ಆಗ ನೆನಪಾದ ಹಾಗಿತ್ತು.

ಅವಳು ಲಿಫ್ಟಿನವನನ್ನು ನೋಡಿದಳು. ಅವನು ನೆಲ ನೋಡಿದ. "ಮೇಲಿನವರು ಹೇಳಿದ್ದು ಮಾಡ್ತೀವಿ ಅಕ್ಕ" ಅಂದ, ಅವಳು ಏನೂ ಕೇಳುವ ಮೊದಲೇ.

ಹಾಗಾದರೆ ಅವತ್ತೂ ಲಿಫ್ಟ್ ಕೆಟ್ಟಿರಲಿಲ್ಲ. ಗಂಡ ಮೆಟ್ಟಿಲ ಮೇಲೆ ಓಲಾಡುತ್ತಾ ಸಾಯುವಾಗ ಈ ಡಬ್ಬ ಇಸ್ತ್ರಿ ಅಂಗಿಯವನನ್ನು ಒಳಗಿಟ್ಟುಕೊಂಡು ಯಾರಿಗೋ ಬಾಗಿಲು ತೆರೆದು ನಿಂತಿತ್ತು. ಅವಳು ಇಷ್ಟು ದಿನ ಕಬ್ಬಿಣವನ್ನು ಶಪಿಸಿದ್ದಳು, ಕಡೆಗೆ ತನ್ನ ಕೂದಲನ್ನು ಶಪಿಸಿದ್ದಳು.

ಅಷ್ಟರಲ್ಲಿ ಹಿಂದೆ ಗಾಲಿಯ ಸದ್ದಾಯಿತು. ಸ್ಟ್ರೆಚರ್ ಮೇಲೆ ಹೆರಿಗೆ ನೋವಿನ ಹೆಂಗಸು, ಪಕ್ಕದಲ್ಲಿ ಓಡುತ್ತಾ ಅವಳ ತಾಯಿ. ತಳ್ಳುವವನು ಬೋರ್ಡು ನೋಡಿದ, ಸದಸ್ಯರನ್ನು ನೋಡಿದ, ಸ್ಟ್ರೆಚರ್ ಅನ್ನು ಮೆಟ್ಟಿಲ ಕಡೆ ತಿರುಗಿಸಿದ. ಅವನಿಗೆ ಅಭ್ಯಾಸವಾಗಿತ್ತು.

"ಏಯ್, ಇಲ್ಲಿ ಬಾ!" ಅಂದಳು ಹಾಸಿಗೆ ಅಕ್ಕ. ಬೋರ್ಡು ಕಿತ್ತು ನೆಲಕ್ಕೆ ಎಸೆದಳು. ಸ್ಟೂಲನ್ನು ಕಾಲಿನಿಂದ ಸರಿಸಿದಳು. "ಇಳೀರಿ ಸ್ವಾಮಿ."

ಸಿಮೆಂಟ್ ವ್ಯಾಪಾರಿ ಕಣ್ಣು ಬಿಟ್ಟ. "ನಾನಾ? ನಾನ್ಯಾಕೆ?"

"ನೀವು ಹೆರೋಕೆ ಬಂದಿದೀರಾ?"

ಅವನು ಇಳಿದ. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮ್ಯಾನೇಜರಮ್ಮನ ಮುಖ ಸುಣ್ಣದ ಹಾಗಾಗಿತ್ತು. "ಹೀಗೆಲ್ಲ ಮಾಡೋ ಹಾಗಿಲ್ಲಮ್ಮ. ಸದಸ್ಯರು ದಿನದ ಕೆಲಸದಲ್ಲಿ..."

"ಮೂಗು ತೂರಿಸಬಾರದು. ಕೇಳಿಸ್ಕೊಂಡೆ. ನಡೀರಿ, ಮೆಟ್ಟಿಲು ತೋರಿಸ್ತೀನಿ."

ಮೂರನೇ ಮಹಡಿಯ ತಿರುವಿನಲ್ಲಿ ಸಿಮೆಂಟ್ ವ್ಯಾಪಾರಿ ಏದುಸಿರು ಬಿಡುತ್ತಾ ಗೋಡೆಗೊರಗಿದ. "ಅಕ್ಕ, ಒಂಚೂರು ನಿಲ್ಲೋಣ."

"ಇಲ್ಲಿ ಬೇಡ. ನನ್ನ ಯಜಮಾನರು ಹೋಗಿದ್ದು ಇಲ್ಲೇ."

ಅವನು ಕಾಲಿಟ್ಟಿದ್ದ ಜಾಗ ನೋಡಿಕೊಂಡ. ಗೋಡೆ ಬಿಟ್ಟು, ಉಸಿರು ಹಿಡಿದು, ಉಳಿದ ಮೆಟ್ಟಿಲು ಹತ್ತಿಬಿಟ್ಟ.

ಸಭೆಯ ಕೋಣೆ ಹೃದಯದ ವಾರ್ಡಿನ ಎದುರಿಗೇ ಇತ್ತು. ಉದ್ದನೆಯ ಮೇಜು, ಮೆತ್ತನೆ ಕುರ್ಚಿಗಳು. ಅಧ್ಯಕ್ಷರು ನಯವಾದ ಮನುಷ್ಯ, ಎದ್ದು ನಿಂತು ಬರಮಾಡಿಕೊಂಡರು. ಹೊಸಬರು ಒಂದೆರಡು ಮಾತು ಹೇಳುವುದು ಪದ್ಧತಿ ಅಂದರು. ಅವಳು ಕೂರಲೇ ಇಲ್ಲ.

"ನನ್ನ ಗಂಡನ್ನ ಕರಕೊಂಡು ಬಂದ ದಿನ ಲಿಫ್ಟ್ ಕೆಟ್ಟಿತ್ತು ಅಂದ್ರಿ. ಕೆಟ್ಟಿರಲಿಲ್ಲ. ಬೋರ್ಡು ಹಾಕಿ ನಿಮ್ಮವರನ್ನ ಸುತ್ತಾಡಿಸ್ತಿದ್ರಿ. ಹೌದೋ ಅಲ್ವೋ? ಇಷ್ಟು ಹೇಳಿ, ಆಮೇಲೆ ಕೂರ್ತೀನಿ."

"ತಾಯಿ, ನಿಮ್ಮ ದುಃಖ ನಮಗೆ ಅರ್ಥವಾಗುತ್ತೆ" ಅಂದರು ಅಧ್ಯಕ್ಷರು.

"ದುಃಖ ನಂದು, ಅದನ್ನ ನಾನು ನೋಡ್ಕೋತೀನಿ. ನಾನು ಕೇಳಿದ್ದು ಲಿಫ್ಟು."

"ಅದೊಂದು ವ್ಯವಸ್ಥೆ ಅಷ್ಟೆ. ಯಾರಿಗೂ ತೊಂದರೆ ಕೊಡೋ ಉದ್ದೇಶ ಇರಲಿಲ್ಲ. ಅವತ್ತೇ ಅಂತ ಖಚಿತವಾಗಿ ಹೇಳೋಕೂ ಆಗಲ್ಲ. ಈಗ ಇದನ್ನ ಮಾತಾಡಿದ್ರೆ ಸಂಸ್ಥೆಗೆ ಕಾನೂನಿನ ತೊಡಕು. ನೀವೂ ಈಗ ನಮ್ಮವರೇ ಅಲ್ವಾ? ಮುಂದಿನ ಸಭೆಯಲ್ಲಿ ನೋಡೋಣ."

"ನಿಮ್ಮಲ್ಲಿ ಹೆಡ್‌ಮಾಸ್ಟರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ಹೋದವು. ಮೇಜಿನ ತುದಿಯಲ್ಲಿ ಕೂತಿದ್ದ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ನಾನು ಸೇರಿದ ದಿನ ನಾವು ಲಿಫ್ಟಿನಲ್ಲಿ ಬರ್ತಿದ್ವಿ" ಅಂದರು, ಮೆಲ್ಲಗೆ. "ಲಿಫ್ಟ್ ಸರಿಯಾಗಿಯೇ ಇತ್ತು. ಎರಡನೇ ಮಹಡೀಲಿ ಅದನ್ನ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡ್ವಿ. ಆಗ ಮೆಟ್ಟಿಲ ಮೇಲೆ ಯಾರನ್ನೋ ಹೊತ್ತುಕೊಂಡು ಹೋಗ್ತಿದ್ರು. ಒಬ್ಬ ಹೆಂಗಸು ಕೈ ಹಿಡಿದುಕೊಂಡು ಜೊತೆಗೆ ಹತ್ತುತ್ತಿದ್ಲು. ಅವರು ದಾಟೋವರೆಗೆ ಪಕ್ಕಕ್ಕೆ ಸರೀರಿ, ಫೋಟೋದಲ್ಲಿ ಬರ್ತಾರೆ ಅಂತ ಯಾರೋ ಅಂದ್ರು. ನಾವು ಸರಿದ್ವಿ."

"ಮೇಷ್ಟ್ರೇ!" ಅಂದರು ಅಧ್ಯಕ್ಷರು.

"ನೋಡಿದ್ದನ್ನ ಹೇಳಿದೆ ಸಾರ್."

ಆ ಮೆಟ್ಟಿಲ ಪಕ್ಕದಲ್ಲಿ ಒಳ್ಳೆ ಬಟ್ಟೆಯ ಒಂದು ಗುಂಪಿತ್ತು, ಈಗ ಅವಳಿಗೂ ಅದು ಮಸುಕಾಗಿ ಕಂಡಿತು. ಆಗ ಅವರ ಮುಖ ನೋಡುವ ಹೊತ್ತೆಲ್ಲಿತ್ತು?

"ನಿಮಗೆ ಈ ಸ್ಥಾನ ಭಾರ ಅನ್ನಿಸಿದರೆ..." ಅಂತ ಅಧ್ಯಕ್ಷರು ಶುರುಮಾಡಿದರು.

"ಬಿಡಲ್ಲ. ನೀವೇ ಕರೆದು ಕೊಟ್ಟ ಕುರ್ಚಿ. ಪ್ರತಿ ಸಭೆಗೂ ಬರ್ತೀನಿ, ಪ್ರತಿ ಸಭೇಲೂ ಇದನ್ನೇ ಕೇಳ್ತೀನಿ. ಒಳಗೂ ಕೇಳ್ತೀನಿ, ಹೊರಗೂ ಹೇಳ್ತೀನಿ. ನಿಮ್ಮ ಮಾನ ನನ್ನ ಮಾನ ಅಲ್ಲ." ಹೂಗುಚ್ಛವನ್ನು ಮೇಜಿನ ಮೇಲಿಟ್ಟಳು. ಬ್ಯಾಡ್ಜನ್ನು ಎದೆಯ ಮೇಲೇ ಬಿಟ್ಟಳು.

ಮೆಟ್ಟಿಲಿಳಿಯುವಾಗ ಹೆಡ್‌ಮಾಸ್ಟರು ಹಿಂದೆ ಬಂದರು. "ತಾಯಿ, ನನ್ನನ್ನ ಕ್ಷಮಿಸಿಬಿಡಿ."

"ಕ್ಷಮಿಸಿ ನಾನೇನು ಮಾಡಲಿ ಮೇಷ್ಟ್ರೇ, ಹಾಸಿಗೆಗೆ ತುಂಬಲಾ? ಅಲ್ಲಿ ಹೇಳಿದ್ರಲ್ಲ, ಅದನ್ನೇ ನಮ್ಮನೆಗೆ ಬಂದು ಹೇಳಿ. ನನ್ನತ್ತೆ ಎದುರಿಗೆ. ಈಗಲೇ."

ಅವರು ತಲೆಯಾಡಿಸಿದರು. ಅವಳ ಹಿಂದೆಯೇ ಗಲ್ಲಿಯವರೆಗೆ ನಡೆದು ಬಂದರು.

ಅತ್ತೆ ಅಂಗಡಿಯಲ್ಲಿ ಹಳೆ ಹತ್ತಿಯಿಂದ ಬೀಜ ಆರಿಸುತ್ತಾ ಕೂತಿದ್ದರು. ಹೆಡ್‌ಮಾಸ್ಟರು ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿದರು. ಬೋರ್ಡು, ಲಿಫ್ಟು, ಎರಡನೇ ಮಹಡಿ, ಫೋಟೋ, ಪಕ್ಕಕ್ಕೆ ಸರಿದದ್ದು. ಏನನ್ನೂ ಮುಚ್ಚಿಡಲಿಲ್ಲ. "ನಿಮ್ಮ ಸೊಸೆ ತಡ ಮಾಡಲಿಲ್ಲ ಅಮ್ಮ. ತಡ ಆಗಿದ್ದು ನಮ್ಮಿಂದ" ಅಂದರು.

ಅತ್ತೆಯ ಕೈ ಹತ್ತಿಯೊಳಗೆ ನಿಂತಿತು. ಅಷ್ಟು ದಿನದ ಮೇಲೆ ಮೊದಲ ಸಲ ತಲೆ ಎತ್ತಿ ಸೊಸೆಯ ಮುಖ ನೋಡಿದರು. ಕೈ ಚಾಚಿ ಅವಳ ಮಣಿಕಟ್ಟು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು, ನೋವಾಗುವಷ್ಟು ಬಿಗಿಯಾಗಿ. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿದರು.

"ಫೋಟೋ ಚೆನ್ನಾಗಿ ಬಂತಾ?" ಅಂದರು.

ಹೆಡ್‌ಮಾಸ್ಟರು ಹೊಸ್ತಿಲಲ್ಲೇ ನಿಂತಿದ್ದರು. ಅತ್ತೆ ಉತ್ತರಕ್ಕೆ ಕಾಯುತ್ತಿದ್ದರು. ಬನ್ನಿ, ಕೂತುಕೊಳ್ಳಿ ಅಂತ ಇಬ್ಬರಲ್ಲಿ ಯಾರೂ ಅನ್ನಲಿಲ್ಲ.